ಓದುಗರ ಪ್ರಶ್ನೆಗಳಿಗೆ ಉತ್ತರ: ಗೋಕರ್ಣದಲ್ಲಿ ಎಲ್ಲಿ ಇಳಿದುಕೊಳ್ಳಬೇಕು?

ಬೆಂಗಳೂರಿನಲ್ಲಿ ಚಳಿ ಶುರುವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಡಲ ಕಡೆಯ ಊರುಗಳ ಹೆಸರು ಹೆಚ್ಚುತ್ತದೆ. ಈ ಬಾರಿ ಅವುಗಳಲ್ಲಿ ಬಹುಪಾಲು ಗೋಕರ್ಣವನ್ನೇ ಕುರಿತಿದ್ದುದರಿಂದ ಸಂಚಿಕೆಯ ಪುಟವನ್ನು ಆ ಊರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು, ಪತ್ನಿ, ಎಂಟು ವರ್ಷದ ಮಗ ಮತ್ತು 72 ವರ್ಷದ ತಾಯಿ ಜನವರಿಯಲ್ಲಿ ಮೂರು ದಿನಗಳ ಮಟ್ಟಿಗೆ ಗೋಕರ್ಣಕ್ಕೆ ಹೋಗಬೇಕೆಂದಿದ್ದೇವೆ. ತಾಯಿಗೆ ಮಹಾಬಲೇಶ್ವರನ ದರ್ಶನವಾಗಬೇಕು, ಮಗನಿಗೆ ಸಮುದ್ರ ಬೇಕು. ಓಂ ಬೀಚಿನ ಕಡೆಯ ರಿಸಾರ್ಟೊಂದರ ಚಿತ್ರಗಳು ಬಹಳ ಚೆನ್ನಾಗಿವೆ. ದೇವಸ್ಥಾನದ ಬಳಿಯ ವಸತಿಗೃಹಗಳು ಅಷ್ಟು ಆಕರ್ಷಕವಾಗಿ ಕಾಣುವುದಿಲ್ಲ. ಯಾವುದನ್ನು ಗೊತ್ತುಮಾಡಲಿ? ತಾಯಿಗೆ ಮೊಣಕಾಲು ನೋವಿದೆ ಎಂಬುದನ್ನೂ ತಿಳಿಸಬೇಕು. (ಬಸವನಗುಡಿಯ ಓದುಗರು)

ಉತ್ತರ: ತಾವು ಕೊನೆಯಲ್ಲಿ ಬರೆದ ವಾಕ್ಯವೇ ಈ ಪ್ರಶ್ನೆಯನ್ನು ತೀರ್ಮಾನಿಸುತ್ತದೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರು ಕೋಣೆಯ ಚಿತ್ರಗಳನ್ನು ನೋಡುವುದಕ್ಕೆ ಮೊದಲು ಗೋಕರ್ಣದ ನೆಲ ಎಲ್ಲಿ ಸಮತಟ್ಟಾಗಿದೆ, ಎಲ್ಲಿ ಏರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ದೇವಸ್ಥಾನದ ಹತ್ತಿರ, ಸಮತಟ್ಟಾದ ಊರಿನೊಳಗೇ, ನೆಲಮಹಡಿಯಲ್ಲಿ ಕೋಣೆ ಹಿಡಿಯಿರಿ ಎಂಬುದು ನನ್ನ ಸಲಹೆ.

ಕಾರಣ ಹೇಳುತ್ತೇನೆ. ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ, ಈ ಎರಡು ನದಿಗಳ ನಡುವೆ ಇರುವ ಊರು ಗೋಕರ್ಣ. ಮಹಾಬಲೇಶ್ವರ ಮತ್ತು ಮಹಾಗಣಪತಿ ದೇವಸ್ಥಾನಗಳು, ರಥಬೀದಿ, ಕೋಟಿತೀರ್ಥ, ಬಸ್ ನಿಲ್ದಾಣ ಇವೆಲ್ಲ ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ರಥಬೀದಿಯ ತುದಿಯಿಂದ ಕೆಲವೇ ನಿಮಿಷ ನಡೆದರೆ ಮುಖ್ಯ ಕಡಲತೀರ ಸಿಗುತ್ತದೆ. ಊರಿನ ದಕ್ಷಿಣಕ್ಕೆ ಮಾತ್ರ ನೆಲದ ಸ್ವಭಾವವೇ ಬದಲಾಗುತ್ತದೆ. ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳು ಕೈಬೆರಳುಗಳಂತೆ ಕಡಲಿನೊಳಕ್ಕೆ ಚಾಚಿಕೊಂಡಿವೆ, ಒಂದೊಂದು ಬೆರಳಿನ ಸಂದಿಯಲ್ಲೂ ಒಂದೊಂದು ತೀರವಿದೆ. ಊರಿನ ಕಡೆಯಿಂದ ಎಣಿಸಿದರೆ ಮೊದಲು ಕುಡ್ಲೆ, ಅದರಾಚೆ ಓಂ, ಆಮೇಲೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಕುಡ್ಲೆಗೂ ಓಂ ತೀರಕ್ಕೂ ವಾಹನಗಳು ಗುಡ್ಡದ ಮೇಲಿನವರೆಗೆ ಮಾತ್ರ ಹೋಗುತ್ತವೆ, ಅಲ್ಲಿಂದ ಮೆಟ್ಟಿಲು ಅಥವಾ ಇಳಿಜಾರಿನ ದಾರಿಯಲ್ಲಿ ಇಳಿಯಬೇಕು. ಉಳಿದೆರಡಕ್ಕೆ ರಸ್ತೆಯೇ ಇಲ್ಲದಿರುವುದರಿಂದ ಕಾಲುದಾರಿ ಹಿಡಿಯಬೇಕು ಇಲ್ಲವೆ ದೋಣಿ ಹತ್ತಬೇಕು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತಾವು ಮೆಚ್ಚಿದ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಕೋಣೆಯ ಜಗಲಿಯಿಂದ ಇಡೀ ಕಡಲು ಕೆಳಗೆ ಹರಡಿಕೊಂಡಂತೆ ಕಾಣುತ್ತಿದೆಯೆಂದರೆ ಆ ಕೋಣೆ ಎತ್ತರದಲ್ಲಿದೆ ಎಂದೇ ಅರ್ಥ. ಆ ನೋಟಕ್ಕೆ ನಿಮ್ಮ ತಾಯಿಯವರ ಮೊಣಕಾಲು ದಿನಕ್ಕೆ ಎರಡು ಮೂರು ಸಲ ಬೆಲೆ ತೆರಬೇಕಾಗುತ್ತದೆ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಕರೆದುಕೊಂಡು ಹೋದಾಗ "ಸಮುದ್ರಕ್ಕೆ ಇನ್ನೂರೇ ಮೀಟರ್" ಎಂಬ ಮಾತನ್ನು ನಂಬಿ ಗುಡ್ಡದ ಓರೆಯ ವಸತಿಗೃಹವೊಂದರಲ್ಲಿ ಕೋಣೆ ಹಿಡಿದಿದ್ದೆ. ಇನ್ನೂರು ಮೀಟರ್ ಎಂಬುದು ಸುಳ್ಳೇನೂ ಆಗಿರಲಿಲ್ಲ, ಆದರೆ ಅಷ್ಟೂ ದೂರ ಒಂದೇ ಸಮನೆ ಇಳಿಜಾರು, ನಡುನಡುವೆ ಬೇರೆ ಬೇರೆ ಎತ್ತರದ ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಅಮ್ಮ ಮೂರು ದಿನವೂ ಜಗಲಿಯ ಕುರ್ಚಿಯಲ್ಲಿ ಕುಳಿತು ಅಲೆಗಳನ್ನು ನೋಡಿದರೇ ಹೊರತು ಒಮ್ಮೆಯೂ ನೀರಿಗೆ ಕಾಲು ತಾಗಿಸಲಿಲ್ಲ. "ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಬಿಡು" ಎಂದು ಅವರು ಹೇಳುತ್ತಿದ್ದುದು ನನ್ನ ಸಮಾಧಾನಕ್ಕೆ ಎಂಬುದು ನನಗೆ ಆಗಲೇ ಗೊತ್ತಿತ್ತು. ಆ ನೋವು ಇನ್ನೂ ಹೋಗಿಲ್ಲವಾದ್ದರಿಂದಲೇ ತಮಗೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಊರಿನೊಳಗೆ ಇಳಿದುಕೊಂಡರೆ ತಾಯಿಯವರ ದಿನ ಸುಲಭವಾಗುತ್ತದೆ. ಬೆಳಿಗ್ಗೆ ಬೇಗ ದರ್ಶನ ಮುಗಿಸಿ, ಕೋಣೆಗೆ ಬಂದು ವಿಶ್ರಾಂತಿ ಪಡೆದು, ಸಂಜೆ ಮತ್ತೊಮ್ಮೆ ಹೋಗಿ ಬರಬಹುದು. ದೇವಸ್ಥಾನವನ್ನು ಮಧ್ಯಾಹ್ನದ ಹೊತ್ತು ಮುಚ್ಚುತ್ತಾರೆ. ದೂರದಲ್ಲಿ ಉಳಿದವರು ಬಾಗಿಲು ತೆರೆಯುವ ಹೊತ್ತಿಗಾಗಿ ಬಿಸಿಲಿನಲ್ಲಿ ಕಾಯುವುದನ್ನು ನಾನು ನೋಡಿದ್ದೇನೆ. ಆತ್ಮಲಿಂಗವನ್ನು ಮುಟ್ಟಿ ನಮಸ್ಕರಿಸಲು ಗಂಡಸರು ಅಂಗಿ ತೆಗೆದು ಪಂಚೆ ಉಟ್ಟಿರಬೇಕಾದ್ದರಿಂದ ತಾವು ಒಂದು ಪಂಚೆಯನ್ನು ಮರೆಯದೆ ಇಟ್ಟುಕೊಳ್ಳಿ. ಕೋಣೆ ಹತ್ತಿರವಿದ್ದರೆ ಉಟ್ಟುಕೊಂಡೇ ನಡೆದು ಹೋಗಬಹುದು.

ರಥಬೀದಿಯ ಆಸುಪಾಸಿನಲ್ಲಿ ಗದ್ದಲವಿರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ನಸುಕಿನಲ್ಲೇ ಗಂಟೆಯ ಸದ್ದು ಕೇಳುತ್ತದೆ, ಓಣಿಗಳು ಇಕ್ಕಟ್ಟಾಗಿವೆ, ಕಾರನ್ನು ಬಾಗಿಲವರೆಗೆ ತರುವುದು ಕಷ್ಟ. ಇಲ್ಲಿ ಪಿತೃಕಾರ್ಯಕ್ಕೆ ಬರುವ ಕುಟುಂಬಗಳು ತಲೆಮಾರುಗಳಿಂದ ವೈದಿಕರ ಮನೆಗಳಲ್ಲಿ ಇಳಿದುಕೊಳ್ಳುವ ವಾಡಿಕೆಯಿದೆ. ಅಂಥ ಮನೆಗಳ ಕೋಣೆಗಳು ಸರಳವಾಗಿದ್ದು ಊಟ ಶುದ್ಧ ಸಸ್ಯಾಹಾರವಾಗಿರುತ್ತದೆ, ಆದರೆ ಎಲ್ಲ ಕಡೆಯೂ ಕಮೋಡ್ ಇರುವ ಶೌಚಾಲಯ ಸಿಗುವುದಿಲ್ಲ. ತಾಯಿಯವರಿಗೆ ಅದು ಬೇಕೇ ಬೇಕಾಗುವುದರಿಂದ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ಇನ್ನೂ ಶಾಂತವಾದ ಜಾಗ ಬೇಕೆನಿಸಿದರೆ ಮುಖ್ಯ ತೀರದ ಉದ್ದಕ್ಕೂ ಉತ್ತರ ದಿಕ್ಕಿನಲ್ಲಿ ಹುಡುಕಿ. ಅಲ್ಲಿ ತೆಂಗಿನ ತೋಟಗಳ ನಡುವೆ ಹೋಮ್‌ಸ್ಟೇಗಳಿವೆ, ನೆಲ ಸಮತಟ್ಟಾಗಿದೆ, ದೇವಸ್ಥಾನಕ್ಕೆ ಆಟೊದಲ್ಲಿ ಬರಬಹುದು. ಆದರೆ ಕೆಲವು ಮನೆಗಳಿಗೆ ಕೊನೆಯ ತುಸು ದೂರ ಮರಳಿನ ದಾರಿಯಾಗಿರುತ್ತದೆ, ಮೊಣಕಾಲು ನೋವಿರುವವರಿಗೆ ಸಡಿಲ ಮರಳಿನ ಮೇಲೆ ನಡೆಯುವುದು ಮೆಟ್ಟಿಲಿನಷ್ಟೇ ಕಷ್ಟ.

ಆದ್ದರಿಂದ ಕೋಣೆಯನ್ನು ಕಾದಿರಿಸುವ ಮೊದಲು ಫೋನ್ ಮಾಡಿ, "ಸಮುದ್ರ ಎಷ್ಟು ದೂರ?" ಎಂದು ಕೇಳುವುದರ ಜೊತೆಗೆ "ಆಟೊ ನಿಲ್ಲುವ ಜಾಗದಿಂದ ಕೋಣೆಯ ಬಾಗಿಲವರೆಗೆ ಎಷ್ಟು ಮೆಟ್ಟಿಲುಗಳಿವೆ?" ಎಂದೂ ಕೇಳಿ. ಈ ಎರಡನೆಯ ಪ್ರಶ್ನೆಗೆ ನೇರವಾಗಿ ಸಂಖ್ಯೆ ಹೇಳುವವರನ್ನು ನಂಬಬಹುದು. "ಏನೂ ತೊಂದರೆಯಿಲ್ಲ, ಬನ್ನಿ" ಎಂದಷ್ಟೇ ಹೇಳುವವರಿಗೆ ಆ ದಾರಿಯ ಒಂದು ಚಿತ್ರ ಕಳುಹಿಸಿ ಎಂದು ವಿನಯದಿಂದ ಕೇಳಿ.

ತಾವು ಬೆಂಗಳೂರಿನಿಂದ ಸಂಜೆ ಹೊರಡುವ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಹೋದರೂ ಬಸ್ಸಿನಲ್ಲಿ ಹೋದರೂ ತಲುಪುವುದು ಬೆಳಿಗ್ಗೆ. ಬಹಳಷ್ಟು ಕಡೆ ಕೋಣೆ ಕೊಡುವುದು ಮಧ್ಯಾಹ್ನ ಹನ್ನೆರಡರ ಮೇಲೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದ 72 ವರ್ಷದವರನ್ನು ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕೂರಿಸುವುದು ಸರಿಯಲ್ಲ. ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ ಹಾಕುವ ಲಾಡ್ಜುಗಳನ್ನು ವಿಚಾರಿಸಿ, ಅಥವಾ ಬೇಗ ಕೋಣೆ ಕೊಡಲು ಎಷ್ಟು ಹೆಚ್ಚು ಹಣ ಎಂದು ಕೇಳಿ ಅದನ್ನು ಕೊಟ್ಟುಬಿಡಿ. ಇಡೀ ಪ್ರವಾಸದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಇನ್ನೊಂದಿರಲಾರದು. ರೈಲಿನಲ್ಲಿ ಬರುವವರು ಇಳಿಯಬೇಕಾದ ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಎಂಟು ಒಂಬತ್ತು ಕಿಲೋಮೀಟರ್ ದೂರದಲ್ಲಿರುವುದರಿಂದ ಆಟೊ ಅಥವಾ ಕಾರನ್ನು ವಸತಿಯವರ ಮೂಲಕವೇ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಮಗನ ಸಮುದ್ರ. ಮುಖ್ಯ ತೀರ ಅಗಲವಾಗಿದೆ, ಮರಳಿನಲ್ಲಿ ಆಡಲು ಬೇಕಾದಷ್ಟು ಜಾಗವಿದೆ, ಅಜ್ಜಿಯೂ ಹತ್ತಿರದಲ್ಲೇ ಕುಳಿತು ನೋಡಬಹುದು. ಪಾದ ನೆನೆಯುವಷ್ಟು ನೀರಿನಲ್ಲಿ, ತಮ್ಮ ಕೈಹಿಡಿತದಲ್ಲಿ, ಜೀವರಕ್ಷಕರ ಕಣ್ಣಿಗೆ ಬೀಳುವ ಜಾಗದಲ್ಲಿ ಮಾತ್ರ ಅವನನ್ನು ಆಡಲು ಬಿಡಿ. ಓಂ ತೀರವನ್ನು ಒಂದು ಸಂಜೆ ಆಟೊ ಮಾಡಿಕೊಂಡು ನೋಡಿ ಬನ್ನಿ. ಎರಡು ಅರ್ಧವೃತ್ತಗಳು ಸೇರಿ ಆಗಿರುವ ಓಂಕಾರದ ಆಕಾರ ಕಾಣುವುದು ಗುಡ್ಡದ ಮೇಲಿನಿಂದಲೇ ಆದ್ದರಿಂದ ತಾಯಿಯವರು ಕೆಳಗೆ ಇಳಿಯದೆಯೂ ಅದನ್ನು ಕಣ್ತುಂಬ ನೋಡಬಹುದು.

ಪ್ರಶ್ನೆ: ನಾವು ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನಾಲ್ವರು ಗೆಳತಿಯರು. ಒಂದು ವಾರಾಂತ್ಯಕ್ಕೆ ಹೋಗಬೇಕೆಂದಿದ್ದೇವೆ. ತೀರದಲ್ಲೇ ಇರುವ ಗುಡಿಸಿಲಿನಲ್ಲಿ ಉಳಿಯುವ ಆಸೆ. ಕುಡ್ಲೆ, ಓಂ, ಪ್ಯಾರಡೈಸ್ ಈ ಮೂರರಲ್ಲಿ ಯಾವುದು ಸರಿ?

ಉತ್ತರ: ಕುಡ್ಲೆ. ಇಲ್ಲಿ ಮೆಟ್ಟಿಲು ನಿಮಗೆ ತೊಡಕಲ್ಲ, ಆದರೆ ಕತ್ತಲಾದ ಮೇಲಿನ ದಾರಿಯನ್ನು ಯೋಚಿಸಬೇಕು. ಕುಡ್ಲೆ ತೀರದ ಉದ್ದಕ್ಕೂ ಕೋಣೆಗಳೂ ಊಟದ ಜಾಗಗಳೂ ಒಂದರ ಪಕ್ಕ ಒಂದು ಇರುವುದರಿಂದ ಸಂಜೆಯಾದ ಮೇಲೂ ಜನರ ಓಡಾಟವಿರುತ್ತದೆ, ಊಟಕ್ಕಾಗಿ ಗುಡ್ಡ ದಾಟಬೇಕಾದ ಅಗತ್ಯ ಬೀಳುವುದಿಲ್ಲ. ಊರಿನಿಂದ ಕುಡ್ಲೆಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಅರ್ಧ ಗಂಟೆಯೊಳಗೆ ಬರಬಹುದು. ಹಗಲಿನಲ್ಲಿ ಅದು ಬಹಳ ಸೊಗಸಾದ ನಡಿಗೆ, ರಾತ್ರಿ ಮಾತ್ರ ಅದನ್ನು ಬಿಟ್ಟು ಆಟೊದಲ್ಲೇ ಬನ್ನಿ. ಓಂ ತೀರ ನೋಡಲು ಹೆಚ್ಚು ಸುಂದರವೆಂಬುದು ನಿಜ, ಆದರೆ ಊರಿನಿಂದ ರಸ್ತೆಯಲ್ಲಿ ಆರೇಳು ಕಿಲೋಮೀಟರ್ ಆಗುವುದರಿಂದ ತಡರಾತ್ರಿ ವಾಹನ ಸಿಗುವುದು ಕಷ್ಟ. ಪ್ಯಾರಡೈಸಿಗೆ ಹಗಲು ನಡೆದು ಹೋಗಿ, ಬಿಸಿಲು ಇಳಿಯುವ ಮೊದಲೇ ಹಿಂದಿರುಗಿ. ಯಾರಿಗಾದರೂ ಪೆಟ್ಟಾದರೆ ವಾಹನ ಬರಲಾಗದ ಜಾಗದಲ್ಲಿ ರಾತ್ರಿ ಕಳೆಯುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಗುಡಿಸಿಲುಗಳ ವಿಷಯದಲ್ಲಿ ಒಂದೆರಡು ಮಾತು. ಅವು ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ ತೆಂಗಿನ ಗರಿ, ಬಿದಿರು, ಹಲಗೆಗಳಿಂದ ಕಟ್ಟಿ ಮುಂದಿನ ಮಳೆಗೆ ಮೊದಲು ತೆಗೆಯುವಂಥವು. ಒಳಗಿನಿಂದ ಚಿಲಕ ಗಟ್ಟಿಯಾಗಿದೆಯೇ, ಹೊರಗೆ ನಿಮ್ಮದೇ ಬೀಗ ಹಾಕಿಕೊಳ್ಳಲು ಆಗುತ್ತದೆಯೇ, ಶೌಚಾಲಯ ಕೋಣೆಗೆ ಸೇರಿದೆಯೇ ಅಥವಾ ರಾತ್ರಿ ಹೊರಗೆ ನಡೆದು ಹೋಗಬೇಕೇ, ಆ ದಾರಿಯಲ್ಲಿ ದೀಪವಿದೆಯೇ ಎಂಬುದನ್ನು ಹಣ ಕೊಡುವ ಮೊದಲು ನೋಡಿ. ಮೊದಲ ರಾತ್ರಿಗೆ ಮಾತ್ರ ಕಾದಿರಿಸಿ, ಕಂಡು ಒಪ್ಪಿಗೆಯಾದರೆ ಮುಂದುವರಿಸುವುದು ನಾನು ಪಾಲಿಸುವ ಕ್ರಮ. ಆದರೆ ಸಾಲುರಜೆಗಳಲ್ಲಿ, ಡಿಸೆಂಬರ್ ಕೊನೆಯ ವಾರದಲ್ಲಿ ಮತ್ತು ಶಿವರಾತ್ರಿಯ ತೇರಿನ ದಿನಗಳಲ್ಲಿ ಇಡೀ ಊರು ತುಂಬಿರುವುದರಿಂದ ಆಗ ಈ ಕ್ರಮ ನಡೆಯುವುದಿಲ್ಲ.

ನಿಮ್ಮ ವಯಸ್ಸಿನವರಿಗೆ ಎಂದೇ ಇನ್ನೊಂದು ಮಾತನ್ನು ಕಳಕಳಿಯಿಂದ ಬರೆಯುತ್ತೇನೆ. ಕುಡ್ಲೆ ಮತ್ತು ಓಂ ತೀರಗಳ ಅಂಚಿನ ಬಂಡೆಗಳು ಪಾಚಿಯಿಂದ ಜಾರುತ್ತವೆ, ಅಲೆ ಇಲ್ಲದ ಹೊತ್ತಿನಲ್ಲಿ ಫೋಟೊ ತೆಗೆಸಿಕೊಳ್ಳಲು ಹತ್ತಿದವರನ್ನು ದೊಡ್ಡ ಅಲೆಯೊಂದು ಬಂದು ಎಳೆದೊಯ್ಯುತ್ತದೆ. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ಬಯಲುಸೀಮೆಯಲ್ಲಿ ಬೆಳೆದ ನಮಗೆ ಕೆರೆ ಗೊತ್ತು, ಕಡಲಿನ ಸೆಳೆತ ಗೊತ್ತಿಲ್ಲ. ಜೀವರಕ್ಷಕರು ಸೀಟಿ ಊದಿದರೆ ಆ ಕ್ಷಣವೇ ಮೇಲೆ ಬನ್ನಿ.

ಪ್ರಶ್ನೆ: ನಾವು ಮಲ್ಲೇಶ್ವರದ ನಿವೃತ್ತ ದಂಪತಿ. ಜುಲೈಯಲ್ಲಿ ಬಾಡಿಗೆ ಬಹಳ ಕಡಿಮೆಯಿರುತ್ತದೆಂದು ಕೇಳಿದ್ದೇವೆ. ಮಳೆಗಾಲದಲ್ಲಿ ಹೋಗಿ ಒಂದು ವಾರ ಇರಬಹುದೇ?

ಉತ್ತರ: ಮಳೆಯನ್ನೇ ನೋಡಲು ಹೋಗುವುದಾದರೆ ಇರಬಹುದು, ಕಡಲಿಗಿಳಿಯಲು ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿರುತ್ತದೆ, ದೋಣಿಗಳು ಓಡುವುದಿಲ್ಲ, ತೀರದ ಗುಡಿಸಿಲುಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುವುದರಿಂದ ಮೀನೂಟದ ಆಸೆಯಿಂದ ಹೋಗುವವರಿಗೆ ಸಿಗುವುದು ಕಡಿಮೆ, ಬೆಲೆ ಹೆಚ್ಚು. ಆಗ ಕೋಣೆ ಆರಿಸುವ ಲೆಕ್ಕಾಚಾರವೇ ಬೇರೆಯಾಗುತ್ತದೆ. ಕಡಲಿಗೆ ಮುಖಮಾಡಿದ ಕೋಣೆಗೆ ಗಾಳಿಯೊಡನೆ ಮಳೆ ಹೊಡೆದು ಬಾಗಿಲು ತೆರೆಯಲೂ ಆಗದಿರಬಹುದು, ಹಾಸಿಗೆ ಬಟ್ಟೆಗಳಿಗೆ ಮುಗ್ಗಲು ವಾಸನೆ ಹತ್ತುತ್ತದೆ. ಊರಿನೊಳಗೆ ಹೆಂಚಿನ ಸೂರಿನ, ಅಗಲವಾದ ಜಗಲಿಯುಳ್ಳ, ಮನೆಯವರೂ ಅಲ್ಲೇ ವಾಸವಿರುವ ಹೋಮ್‌ಸ್ಟೇಯನ್ನು ಆರಿಸಿ. ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ ಜನರೇಟರ್ ಇದೆಯೇ, ಬಿಸಿನೀರಿಗೆ ಒಲೆಯ ವ್ಯವಸ್ಥೆಯಿದೆಯೇ, ಊಟ ಮನೆಯಲ್ಲೇ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.

ಕೋಣೆಗಿಂತ ನನಗೆ ಹೆಚ್ಚು ಚಿಂತೆಯಿರುವುದು ದಾರಿಯದು. 2024ರ ಜುಲೈ 16ರಂದು ಗೋಕರ್ಣಕ್ಕೆ ಹತ್ತಿರದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಪ್ರಾಣಹಾನಿಯಾಯಿತು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದಲ್ಲಿ ಹಳಿಯ ಬಳಿ ಮಣ್ಣು ಕುಸಿದು ರೈಲುಗಳೂ ನಿಂತವು. ಆರೋಗ್ಯದ ದೃಷ್ಟಿಯಿಂದ ತಮಗೆ ನಿಗದಿತ ದಿನ ಊರಿಗೆ ಮರಳಲೇಬೇಕಾದ ಅಗತ್ಯವಿದ್ದರೆ ಜುಲೈ ಬೇಡ. ಅಕ್ಟೋಬರ್ ಕೊನೆಗೆ, ದಸರಾ ರಜೆಯ ಗದ್ದಲ ಮುಗಿದ ಮೇಲೆ ಹೋಗಿ. ಆಗಲೂ ಹಸಿರು ಉಳಿದಿರುತ್ತದೆ, ಬಾಡಿಗೆಯೂ ಡಿಸೆಂಬರಿನಷ್ಟು ಏರಿರುವುದಿಲ್ಲ.

ಪ್ರಶ್ನೆ: ಗೋಕರ್ಣದಲ್ಲಿ ಕೋಣೆ ಸಿಗದಿದ್ದರೆ ಮುರುಡೇಶ್ವರದಲ್ಲೋ ಕುಮಟಾದಲ್ಲೋ ಉಳಿದು ಹೋಗಿ ಬರಬಹುದೇ? (ವಿಜಯನಗರ)

ಉತ್ತರ: ಕುಮಟಾದಲ್ಲಿ ಉಳಿಯುವುದು ಸರಿಯಾದೀತು. ಅದು ತಾಲ್ಲೂಕು ಕೇಂದ್ರ, ರೈಲು ನಿಲ್ದಾಣವೂ ಬಸ್ ಸೌಕರ್ಯವೂ ಇರುವ ಊರು, ಗೋಕರ್ಣಕ್ಕೆ ಒಂದು ಗಂಟೆಯೊಳಗಿನ ದಾರಿ. ಮುರುಡೇಶ್ವರವನ್ನು ಗೋಕರ್ಣಕ್ಕೆ ಬದಲಿಯಾಗಿ ನೋಡಬೇಡಿ. ಭಟ್ಕಳ ತಾಲ್ಲೂಕಿನಲ್ಲಿರುವ ಅದು ಸ್ವತಂತ್ರವಾಗಿಯೇ ಒಂದು ಪ್ರವಾಸಕ್ಕೆ ತಕ್ಕ ಊರು. ಮೂರು ಕಡೆ ನೀರಿರುವ ಕಂದುಕ ಗಿರಿ, 123 ಅಡಿಯ ಶಿವನ ಮೂರ್ತಿ, ಲಿಫ್ಟಿನಲ್ಲಿ ಮೇಲೇರಬಹುದಾದ 20 ಅಂತಸ್ತಿನ ರಾಜಗೋಪುರ, ಎಲ್ಲವೂ ಒಂದೇ ಕಡೆ ಇವೆ. ಆ ಕಾರಣಕ್ಕೇ ಗುಡ್ಡ ಇಳಿದು ಹತ್ತಲಾಗದವರಿಗೆ ಅದು ಅನುಕೂಲ. ಎರಡರ ನಡುವೆ ಹೊನ್ನಾವರದ ಬಳಿಯ ಕಾಸರಕೋಡು ತೀರವಿದೆ, ಸ್ವಚ್ಛತೆ ಮತ್ತು ಸುರಕ್ಷತೆಗಾಗಿ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಅದು. ಮಕ್ಕಳಿದ್ದರೆ ದಾರಿಯಲ್ಲಿ ಅರ್ಧ ದಿನ ಅಲ್ಲಿ ಕಳೆಯಿರಿ.

ಪ್ರಶ್ನೆ: ಮುಂಗಡ ಹಣವನ್ನು ಪೂರ್ತಿ ಕೊಡಬೇಕೇ? ಬಿಲ್ಲಿನಲ್ಲಿ ತೆರಿಗೆ ಎಷ್ಟು ಬರಬೇಕು? (ರಾಜಾಜಿನಗರ)

ಉತ್ತರ: ಪರಿಚಯವಿಲ್ಲದ ಕಡೆ ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ, ಒಂದು ದಿನದ ಬಾಡಿಗೆ ಸಾಕು. ಚಿತ್ರಗಳನ್ನು ಕದ್ದು ಇಲ್ಲದ ಕೋಣೆಗಳಿಗೆ ಹಣ ಕಟ್ಟಿಸಿಕೊಳ್ಳುವವರಿರುವುದರಿಂದ, ಹಣ ಕಳುಹಿಸುವ ಮೊದಲು ನಕ್ಷೆಯಲ್ಲಿ ಆ ಜಾಗ ಇದೆಯೇ ಎಂದು ನೋಡಿ, ಹೋಮ್‌ಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ರದ್ದುಮಾಡಿದರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ ಬರೆಸಿಕೊಳ್ಳಿ. ತೆರಿಗೆಯ ಮಟ್ಟಿಗೆ ಹೇಳುವುದಾದರೆ, ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅದಕ್ಕಿಂತ ಹೆಚ್ಚಿನ ಬಾಡಿಗೆಗೆ ಶೇ 18ರ ದರವೇ ಇದೆ. ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂದು ಫೋನಿನಲ್ಲೇ ಕೇಳಿ, ಮೂರನೆಯವರಿಗೆ ಹೆಚ್ಚುವರಿ ಹಾಸಿಗೆ ಹಾಕಿಸಿದರೆ ಅದಕ್ಕೆಷ್ಟು ಎಂಬುದನ್ನೂ ಅದೇ ಕರೆಯಲ್ಲಿ ತಿಳಿದುಕೊಳ್ಳಿ.